ಅಂಗೈಯಲ್ಲಿ ಹಿಡಿದ ಲಿಂಗ

“ಇದನ್ನ ಮೈಯಿಂದ ತೆಗಿಯಂಗಿಲ್ಲ. ನಡಿಯವ್ವ, ಮನಿಗೆ ಹೋಗಾನ,” ಎಂದು ನಮ್ಮತ್ತೆ ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಬಿಗಿಯಾಗಿ ಹಿಡಿದು ನಿಂತುಬಿಟ್ಟರು.

ಎದೆಯಲ್ಲಿ ಗಂಟೊಂದು ಕೈಗೆ ಸಿಗುತ್ತಿದೆ ಎಂದು ಅವರು ವಾರದ ಹಿಂದಷ್ಟೇ ಹೇಳಿದ್ದರು. ಹರಿಹರದಿಂದ ದಾವಣಗೆರೆಗೆ, ಕೆ.ಬಿ. ಬಡಾವಣೆಯ ಸ್ತನ ತಪಾಸಣೆ ಕ್ಲಿನಿಕ್ಕಿಗೆ ಕರೆತಂದಿದ್ದೆ. ಮ್ಯಾಮೊಗ್ರಾಂ ಮಾಡಿಸಲು ಸೊಂಟದಿಂದ ಮೇಲಿನದೆಲ್ಲ ತೆಗೆದು, ಅವರು ಕೊಡುವ ಗೌನು ತೊಡಬೇಕು. ಕರಡಿಗೆ ಎದೆಯ ಮೇಲಿದ್ದರೆ ಚಿತ್ರಕ್ಕೆ ಅಡ್ಡ ಬರುತ್ತದೆ.

ಇಲ್ಲಿಯವರೆಗೆ ಬಂದು ಹಟವೇ ಎಂದು ನನಗೆ ಸಿಟ್ಟು ಬಂತು. ಟೆಕ್ನೀಷಿಯನ್ ಹೆಣ್ಣುಮಗಳು ಮಾತ್ರ ಗಡಿಬಿಡಿ ಮಾಡಲಿಲ್ಲ. “ತೆಗೆದಿಡೋದು ಬ್ಯಾಡ್ರಿ ಅಮ್ಮ. ಪೂಜಿ ಮಾಡುವಾಗ ಹಿಡಿತೀರಲ್ಲ, ಹಂಗೇ ಅಂಗೈಯಾಗ ಹಿಡ್ಕೊಳ್ರಿ. ಎಡಗಡೆ ಫೋಟೊಕ್ಕ ಬಲಗೈಗೆ ಬದಲಿಸಿದ್ರಾತು,” ಎಂದಳು.

ನನ್ನನ್ನು ಹೊರಗೆ ಕೂರಿಸಿದರು. ಕಾಲು ಗಂಟೆಯಲ್ಲಿ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಬಂದರು. “ಮಿಷಿನ್ನು ಒಂದೀಟು ಒತ್ತತೈತೆ, ಅಷ್ಟೆ. ಇಷ್ಟೇ ಅಂತ ಗೊತ್ತಿದ್ರೆ ದೀಪಾವಳಿಗೇ ಹೇಳ್ತಿದ್ದೆ.”

ದೀಪಾವಳಿ ಕಳೆದು ಏಳು ತಿಂಗಳಾಗಿದೆ. ಲಿಂಗ ತೆಗೆಸುತ್ತಾರೆಂಬ ಅಂಜಿಕೆಯಲ್ಲಿ ಅಷ್ಟೂ ದಿನ ಗಂಟನ್ನು ಬಚ್ಚಿಟ್ಟುಕೊಂಡು, ಅವರು ನನ್ನ ಜೊತೆಗೇ ರೊಟ್ಟಿ ತಟ್ಟುತ್ತಿದ್ದರು. ರಿಪೋರ್ಟು ನಾಳಿದ್ದು ಬರುತ್ತದೆ.