ಹೊಲಿಯುವ ಕೈ, ಕಾಯುವ ಕಿವಿ

ಬೀದಿ ದೀಪಗಳು ಇನ್ನೂ ಆರಿಲ್ಲ. ಮೂರನೆಯ ಮಹಡಿಯ ಕಿಟಕಿಯೊಂದರಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿದೆ. ಅದರ ಜೊತೆಗೇ ಒಂದು ತುಣುಕು ಸಂಗೀತ, ಮುಗಿಯುತ್ತಿದ್ದ ಹಾಗೆ ಮತ್ತೆ ಮೊದಲಿಂದ. ಯಂತ್ರದ ಮುಂದೆ ಕೂತವರು ಯಾರದೋ ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತಿದ್ದಾರೆ. ನೂಲಿನ ಡಬ್ಬಿಗೆ ಒರಗಿಸಿಟ್ಟ ಮೊಬೈಲು "ನಿಮ್ಮ ಕರೆ ನಮಗೆ ಬಹಳ ಮುಖ್ಯ" ಎನ್ನುತ್ತದೆ.

"ಗೊತ್ತು ಕಣಮ್ಮ, ನಿಧಾನಕ್ಕೆ ಬಾ" ಎನ್ನುತ್ತಾರೆ ಇವರು, ತಲೆ ಎತ್ತದೆ.

ಈ ಕಟ್ಟಡದವರಿಗೂ ಅಕ್ಕಪಕ್ಕದ ಬೀದಿಯವರಿಗೂ ಇವರು ಲೈನ್ ಅಕ್ಕ. ಹೊಟ್ಟೆಪಾಡಿಗೆ ಬಟ್ಟೆ ಸರಿಮಾಡುತ್ತಾರೆ: ಕಿತ್ತುಬಂದ ಜಿಪ್ಪು, ಉದ್ದವಾದ ಪ್ಯಾಂಟು, ಬಿಗಿಯಾದ ಸೊಂಟ. ಅದರ ಬೆನ್ನಿಗೆ ಇನ್ನೊಂದು ಕೆಲಸ ತಾನಾಗಿ ಅಂಟಿಕೊಂಡಿದೆ. ನೀರು ಹೊರಹಾಕದ ವಾಷಿಂಗ್ ಮೆಷಿನ್ನು, ಬಾರದೇ ಹೋದ ಪಾರ್ಸೆಲ್ಲು, ಬೇಡವೆಂದರೂ ತಿಂಗಳಿಗೊಮ್ಮೆ ದುಡ್ಡು ಕೀಳುವ ಆ್ಯಪಿನ ಚಂದಾ, ಏನೇ ಇರಲಿ, ಕಂಪನಿಯ ದೂರಿನ ನಂಬರಿಗೆ ಕರೆ ಮಾಡಿ, ಆಚೆ ಕಡೆ ಜೀವಂತ ಮನುಷ್ಯರೊಬ್ಬರು ಸಿಗುವ ತನಕ ಬೇರೆಯವರ ಪರವಾಗಿ ಕಾಯುವುದು.

ಶುರುವಾದದ್ದು ಮನೆಯ ಫ್ರಿಡ್ಜಿನಿಂದ. ಗಂಡ ತೀರಿಕೊಂಡ ವರ್ಷವೇ ಅದೂ ಕೆಟ್ಟಿತು. ವಾರಂಟಿ ಇನ್ನೂ ಇತ್ತು, ಆದರೆ ಕಂಪನಿಗೆ ಫೋನು ಮಾಡಿದವರೆಲ್ಲ ಅರ್ಧಕ್ಕೇ ಸಾಕಾಗಿ ಇಟ್ಟುಬಿಡುತ್ತಿದ್ದರು. ಇವರು ಇಡಲಿಲ್ಲ. "ಕಾಯೋದು ಕಷ್ಟ ಅನ್ನೋರಿಗೆ ಕೈಯಲ್ಲಿ ಕೆಲಸ ಇರಲ್ಲ. ನನಗೆ ಕೈ, ಕಣ್ಣು ಎರಡಕ್ಕೂ ಕೆಲಸ ಇದೆ. ಖಾಲಿ ಬಿದ್ದಿರೋದು ಕಿವಿ ಒಂದೇ."

ಒಳಕೋಣೆಯಿಂದ ಅತ್ತೆಯ ಮಾತು ತೂರಿ ಬರುತ್ತದೆ. "ಕಿವಿ ಅವಳದು ಖಾಲಿ, ತಲೆ ನಂದು ಕೆಡುತ್ತೆ. ಆ ಹಾಳು ಸಂಗೀತ ನನಗೆ ಬಾಯಿಪಾಠ ಆಗಿದೆ. ಮೊನ್ನೆ ನಾನೇ ನಿದ್ದೇಲಿ ಅದನ್ನ ಹಾಡಿದ್ನಂತೆ."

"ಶ್ರುತಿ ಚೆನ್ನಾಗಿತ್ತು ಬಿಡಿ ಅತ್ತೆ."

ಅಕ್ಕನಿಗೆ ತನ್ನದೇ ಪದ್ಧತಿಗಳಿವೆ. ಮೊದಲು ಬರುವ ಯಂತ್ರದ ದನಿಗೆ ಉತ್ತರ ಕೊಡುವುದೇ ಇಲ್ಲ. "ಒಂದು ಒತ್ತಿ, ಎರಡು ಒತ್ತಿ ಅನ್ನುತ್ತೆ. ನಾವು ಸುಮ್ಮನಿದ್ರೆ ಅದಕ್ಕೇ ಬೇಜಾರಾಗಿ ಮನುಷ್ಯರ ಕೈಗೆ ಕೊಡುತ್ತೆ." ಮನುಷ್ಯರು ಸಿಕ್ಕರೆ ದನಿ ಏರಿಸುವುದಿಲ್ಲ. "ಅವರೂ ಹೊಟ್ಟೆಗೋಸ್ಕರ ಕೂತಿರೋರು. ಮೆಷಿನ್ ಕೆಡಿಸಿದ್ದು ಅವರಲ್ಲ ತಾನೆ?" ಇದಕ್ಕೆ ಇವರು ಕೂಲಿ ಕೇಳುವುದಿಲ್ಲ. ಇವರಿಂದ ಕೆಲಸ ಮಾಡಿಸಿಕೊಂಡವರು ಹರಿದ ಬಟ್ಟೆಯನ್ನು ಬೇರೆ ಅಂಗಡಿಗೆ ಒಯ್ಯುವುದಿಲ್ಲ, ಅಷ್ಟೇ.

ಇವತ್ತಿನ ಕರೆ ಕೆಳಗಿನ ಇಸ್ತ್ರಿ ಅಂಗಡಿಯವನದು. ಅವನ ಒಂಬತ್ತು ವರ್ಷದ ಮಗಳಿಗೆ ಮಾತು ಬರುವುದಿಲ್ಲ. ಟ್ಯಾಬಿನ ಪರದೆಯ ಮೇಲೆ ಚಿತ್ರ ಒತ್ತಿದರೆ ಅದು ಅವಳ ಪರವಾಗಿ ಮಾತಾಡುತ್ತದೆ. ಆ ಆ್ಯಪಿನ ಕಂಪನಿ ಈಗ ಹೊಸ ಆವೃತ್ತಿ ತಂದಿದೆ. ಹಳೆಯ ಖಾತೆ ತೆರೆಯಬೇಕಾದರೆ ಹಳೆಯ ಫೋನ್ ನಂಬರಿಗೆ ಬರುವ ಒಟಿಪಿ ಹಾಕಬೇಕು. ಆ ನಂಬರನ್ನು ಇವನು ಬಿಟ್ಟು ಎಷ್ಟೋ ಕಾಲವಾಯಿತು. ಹುಡುಗಿ ನಾಲ್ಕು ವರ್ಷ ಕೂತು ತಾನೇ ಸೇರಿಸಿಕೊಂಡ ಚಿತ್ರಗಳು, ಮಾತುಗಳು ಇಂದು ಸಂಜೆಗೆ ಅಳಿಸಿಹೋಗುತ್ತವೆ ಎಂದು ಕಂಪನಿ ಸಂದೇಶ ಕಳಿಸಿದೆ. ವಾರದಿಂದ ಅವಳು ಮೂಕಿ.

ನಿನ್ನೆಯೇ ಕೆಲಸ ಆಗಬೇಕಿತ್ತು. ಹೊಲಿಗೆ ಯಂತ್ರದ ಸದ್ದು ಆಚೆಯವರಿಗೆ ಕೇಳದಿರಲಿ ಎಂದು ಅಕ್ಕ ಯಾವಾಗಲೂ ಮೊಬೈಲನ್ನು ಮ್ಯೂಟ್ ಮಾಡಿರುತ್ತಾರೆ. ನಿನ್ನೆ ಆಚೆ ಕಡೆ ಯಾರೋ "ಹಲೋ" ಅಂದರು. ಅಕ್ಕ ಯಂತ್ರ ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿ, ಹುಡುಗಿಯ ಕಥೆಯನ್ನೆಲ್ಲ ಒಂದಕ್ಷರ ಬಿಡದೆ ಹೇಳಿದರು. ಮ್ಯೂಟ್ ತೆಗೆಯುವುದನ್ನು ಮರೆತಿದ್ದರು. ಆಚೆಯವರು ಹಲೋ ಹಲೋ ಅಂದು ಸಾಕಾಗಿ ಇಟ್ಟರು.

"ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ," ಎನ್ನುತ್ತಾರೆ ಅಕ್ಕ. "ಕೇಳಿದ್ದು ಈ ಗೋಡೆ ಮಾತ್ರ. ರಾತ್ರಿ ಊಟ ಸೇರಲಿಲ್ಲ."

ಅಷ್ಟರಲ್ಲಿ ಇಸ್ತ್ರಿಯವನು ಒಳಗೆ ಬರುತ್ತಾನೆ, ಮಗಳ ಕೈ ಹಿಡಿದು. "ಆಗದಿದ್ರೆ ಬಿಡಕ್ಕ. ಹೊಸದರಲ್ಲಿ ಮೊದಲಿಂದ ಕಲೀತಾಳೆ."

"ನೀನು ಕೂತ್ಕೊ. ಬಿಡೋದು ಆಮೇಲೆ."

ಸಂಗೀತ ಥಟ್ಟನೆ ನಿಲ್ಲುತ್ತದೆ. ಅಕ್ಕನ ಬೆರಳು ಈ ಸಲ ಮೊದಲು ಮೊಬೈಲಿಗೇ ಹೋಗುತ್ತದೆ. ಆಚೆಯ ಹುಡುಗಿ ಎಲ್ಲ ಕೇಳಿಸಿಕೊಂಡು, ನಿಯಮದ ಪ್ರಕಾರ ನಂಬರು ಬದಲಿಸಲು ಬರುವುದಿಲ್ಲ ಎನ್ನುತ್ತಾಳೆ.

"ನಿನ್ನ ಕೈಲಿಲ್ಲ ಅಂತ ಗೊತ್ತು ತಂಗಿ. ಯಾರ ಕೈಲಿದೆಯೋ ಅವರಿಗೆ ಕೊಡು. ನನ್ನ ಹತ್ರ ಇವತ್ತು ಒಂದಿಡೀ ಹೋಟೆಲಿನ ಪರದೆಗಳು ಹೊಲಿಯೋಕಿದಾವೆ. ನಾನು ಕಾಯ್ತೀನಿ."

ಆಚೆ ನಗು ಕೇಳುತ್ತದೆ. ಮತ್ತೆ ಸಂಗೀತ. ಹೊರಗೆ ಬೆಳಕಾಗುತ್ತದೆ, ಅತ್ತೆ ಚಹಾ ತಂದಿಡುತ್ತಾರೆ, ಎರಡು ಪರದೆ ಮುಗಿಯುತ್ತವೆ. ಇಸ್ತ್ರಿಯವನ ಮಗಳು ಆರಿಹೋದ ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ. ಕೊನೆಗೆ ಹಿರಿಯ ಗಂಡಸಿನ ದನಿಯೊಂದು ಬಂದು ಕೇಳುತ್ತದೆ: ಈ ಖಾತೆ ನಿಮ್ಮದೇ ಅನ್ನುವುದಕ್ಕೆ ಏನು ಆಧಾರ? ಮಗು ಕೊನೆಯದಾಗಿ ಸೇರಿಸಿದ ಚಿತ್ರ ಯಾವುದು ಹೇಳಿ.

ಇಸ್ತ್ರಿಯವನು ತಡವರಿಸುತ್ತಾನೆ. "ಇಸ್ತ್ರಿ ಪೆಟ್ಟಿಗೆ ಸಾರ್. ಅದನ್ನ ಒತ್ತಿದ್ರೆ 'ಅಪ್ಪ' ಅನ್ನುತ್ತೆ."

ಆಚೆ ಕಡೆ ಕೀಲಿಮಣೆಯ ಸದ್ದು. ಹೊಸ ನಂಬರು ಕೇಳುತ್ತಾರೆ. ಇಸ್ತ್ರಿಯವನ ಜೇಬಿನಲ್ಲಿ ಮೊಬೈಲು ಟಿಣ್ ಎನ್ನುತ್ತದೆ. ಮಗಳ ಮಡಿಲಿನಿಂದ ಟ್ಯಾಬು ತೆಗೆದುಕೊಂಡು ಒಟಿಪಿ ಒತ್ತುತ್ತಾನೆ. ಟ್ಯಾಬಿನ ತುಂಬ ಚಿತ್ರಗಳು ಒಂದೊಂದಾಗಿ ಮೂಡುತ್ತವೆ. ಹುಡುಗಿ ಟ್ಯಾಬು ಕಿತ್ತುಕೊಂಡು ಪಟಪಟನೆ ಒತ್ತುತ್ತಾಳೆ.

"ಅಪ್ಪ. ಸುಳ್ಳು. ಟ್ಯಾಬು. ಜ್ವರ. ಇಲ್ಲ."

"ಅಳ್ತಿದ್ಲು, ಅದಕ್ಕೆ ಟ್ಯಾಬಿಗೆ ಜ್ವರ ಬಂದಿದೆ ಅಂದಿದ್ದೆ," ಎಂದು ಅವನು ಮುಖ ಒರೆಸಿಕೊಳ್ಳುತ್ತಾನೆ. ಅವಳು ನಿಲ್ಲಿಸುವುದಿಲ್ಲ. ಹಾಲು ಬಿಸಿ ಇತ್ತು, ಬೆಕ್ಕು ಕಾಣಲಿಲ್ಲ, ಕೆಂಪು ಅಂಗಿ ಬೇಕಿತ್ತು. ಒಂದು ವಾರದ ದೂರುಗಳೆಲ್ಲ ಸಾಲಾಗಿ ಬರುತ್ತವೆ. ಅತ್ತೆ ಬಾಗಿಲಿಗೆ ಒರಗಿ ಪೂರ್ತಿ ಕೇಳಿಸಿಕೊಳ್ಳುತ್ತಾರೆ.

ಮುಂದೇನು ಆಸೆ ಎಂದು ಕೇಳಿದರೆ ಅಕ್ಕ ಸೂಜಿಗೆ ದಾರ ಪೋಣಿಸುತ್ತ ಹೇಳುತ್ತಾರೆ. ಈ ಮಗು ದೊಡ್ಡವಳಾಗಿ ಒಂದು ದಿನ ಕಂಪನಿಯವರಿಗೆ ತಾನೇ ಫೋನು ಮಾಡಬೇಕಂತೆ.

"ಮಾತೆಲ್ಲ ಅವಳೇ ಆಡ್ಲಿ. ಲೈನು ಸಿಗೋ ತನಕ ಕಾಯೋಕೆ ನಾನಿದ್ದೀನಲ್ಲ."