ಪಡಸಾಲೆಯ ಕರಿ ಚೌಕ

ಯುದ್ಧದ ದಿನಗಳು. ನೂಲು ಸರ್ಕಾರದ ಕಂಟ್ರೋಲಿಗೆ ಬಂದು, ಅಳೆದು ಕೊಡುವಂತಾಗಿ, ದೊಡ್ಡಬಳ್ಳಾಪುರದ ನಮ್ಮ ಬೀದಿಯ ಮಗ್ಗಗಳು ಅರ್ಧಕ್ಕರ್ಧ ಸುಮ್ಮನಾಗಿದ್ದವು. ಮಗ್ಗದ ಸದ್ದಿಲ್ಲದ ಮನೆಯಲ್ಲಿ ಮಧ್ಯಾಹ್ನ ಎಷ್ಟು ಉದ್ದ ಅನ್ನೋದು ನನಗೆ ಗೊತ್ತಾಗಿದ್ದೇ ಆಗ. ಅದೇ ಹೊತ್ತಿಗೆ ನನ್ನ ಮೈದುನ ಬೊಂಬಾಯಿಯಿಂದ ವಾಪಸು ಬಂದ. ಅಲ್ಲಿ ಹಗಲು ಸಿನಿಮಾ ಬೋರ್ಡು ಬರೆದು, ಸಂಜೆ ಚಿತ್ರಕಲೆ ಕಲಿಯುತ್ತಿದ್ದ. ತಂದದ್ದು ಒಂದು ಟ್ರಂಕು. ಒಳಗೆ ಎರಡು ಜೊತೆ ಬಟ್ಟೆ, ಒಂದಷ್ಟು ಕುಂಚ, ಯಾವುದೋ ಪುಸ್ತಕದಿಂದ ಕಳಚಿಬಂದ ಹಾಳೆಗಳು.

ಅವರೆಕಾಯಿ ಸುಲಿಯುತ್ತ ನಾನೂ ನನ್ನ ನಾದಿನಿಯೂ ಆ ಹಾಳೆಗಳನ್ನು ನೋಡಿದೆವು. ರಷ್ಯಾದ ಚಿತ್ರಗಳು ಅಂದ ಮೈದುನ. ಒಂದರಲ್ಲಿ ಬಿಳಿಯ ವೃತ್ತದೊಳಕ್ಕೆ ಕೆಂಪು ತ್ರಿಕೋನ ನುಗ್ಗಿತ್ತು. ಇನ್ನೊಂದರಲ್ಲಿ ಬಿಳಿಯ ಮೇಲೆ ಒಂದು ಕರಿ ಚೌಕ, ಅಷ್ಟೇ.

"ಇದೇನೋ, ಬರೆಯೋಕೆ ಕೂತು ಮರೆತೋದ್ನಾ ಪಾಪ?" ಅಂದೆ.

ಅವನು ನಗಲಿಲ್ಲ. "ಅತ್ತಿಗೆ, ಚಿತ್ರ ಅಂದ್ರೆ ಇಲ್ಲೀತನಕ ಯಾರದು? ರಾಜರದು, ದೇವರದು, ಸಾಹುಕಾರರದು. ಇದ್ರಲ್ಲಿ ಯಾರ ಮುಖಾನೂ ಇಲ್ಲ. ಕೈಮುಗೀಬೇಕಾಗಿಲ್ಲ, ಹೆದರಬೇಕಾಗಿಲ್ಲ. ಓದಿದೋನೂ ಓದದೋನೂ ಇದರ ಮುಂದೆ ಒಂದೇ. ಎಲ್ಲಾನೂ ಹೊಸದಾಗಿ ಶುರುಮಾಡೋಣ ಅಂತ ಹೊರಟಿದ್ದೋರು ಬರೆದಿದ್ದು."

ಆ ದೇಶದಲ್ಲಿ ದೇವರ ಪಟ ಇಡುವ ಮೂಲೆಯಲ್ಲೇ ಆ ಕರಿ ಚೌಕವನ್ನು ತೂಗುಹಾಕಿದ್ದರಂತೆ. ನಾನು ರಾಮ ರಾಮ ಅಂದೆ. ಆಮೇಲಾಮೇಲೆ ಅಲ್ಲಿಯ ಸರ್ಕಾರಕ್ಕೇ ಇಂಥವು ಬೇಡವಾಗಿ ಒಳಗಿಟ್ಟುಬಿಟ್ಟರು ಅನ್ನೋದನ್ನ ಮಾತ್ರ ಅವನು ತುಂಬ ಮೆಲ್ಲಗೆ ಹೇಳಿದ.

"ಹಂಗಾದ್ರೆ ನಮ್ಮನೇಲಿ ಬರಿಯಣ್ಣ," ಅಂದಳು ನಾದಿನಿ.

ದೀಪದ ಮಸಿ ಕೂಡಿಸಿ, ಅಂಟು ಹಾಕಿ, ಅರೆದವಳು ಅವಳೇ. ಅವಳ ಉಗುರಿನ ಸಂದಿಯ ಕಪ್ಪು ಸೀಗೆಕಾಯಿಗೂ ಜಗ್ಗಲಿಲ್ಲ. ಪಡಸಾಲೆಯ ಬಿಳಿ ಗೋಡೆಯ ಮೇಲೆ, ಮೊರಕ್ಕಿಂತ ದೊಡ್ಡದಾಗಿ, ಚೌಕ ಎದ್ದಿತು. ನಮ್ಮ ಯಜಮಾನರು ನೇಯುವವರಲ್ಲವೆ, ಕಣ್ಣು ಮೊದಲು ಅಂಚಿಗೇ ಹೋಯಿತು. "ಒಂದು ಮೂಲೆ ಎಳೆದಂಗಿದೆಯಲ್ಲೋ."

"ಇರ್ಲಿ ಬಿಡಣ್ಣ. ಬೇಕು ಅಂತಲೇ ಎಳೆದಿದ್ದೀನಿ."

ಮಾರನೇ ದಿನ ಮಜ್ಜಿಗೆಗೆ ಬಂದ ಪಕ್ಕದ ಮನೆಯಾಕೆ ಗೋಡೆ ನೋಡಿ, "ಒಳ್ಳೇ ಕೆಲ್ಸ ಮಾಡಿದ್ರಿ ಕಣಮ್ಮ. ಮದುವೆಗೆ ಬಂದ ಹುಡುಗಿ ಇರೋ ಮನೆ. ದೃಷ್ಟಿಬೊಟ್ಟು ಇಷ್ಟು ದೊಡ್ಡದಿದ್ರೆ ಯಾರ ಕಣ್ಣೂ ತಾಗಲ್ಲ," ಅಂದಳು. ಸಂಜೆಯೊಳಗೆ ಇನ್ನಿಬ್ಬರು, ನಮಗೂ ಒಂದು ಬರೆದುಕೊಡಪ್ಪಾ ಅಂತ ಬಂದರು. ಮೈದುನ ಒಬ್ಬೊಬ್ಬರಿಗೂ, "ದೃಷ್ಟಿಬೊಟ್ಟಲ್ಲ ತಾಯಿ, ಚಿತ್ರ," ಅಂತ ಬಿಡಿಸಿ ಹೇಳಿದ. ಅವರು ನಕ್ಕು ಹೋದರು. ಅವತ್ತು ಮುದ್ದೆಯನ್ನು ತಟ್ಟೆಯಲ್ಲೇ ಹೊರಳಿಸುತ್ತ ಕೂತ. "ಹೆದರಿಕೆ ಬೇಡ ಅಂತ ಬರೆದಿದ್ದು ಹೆದರಿಕೆಗೇ ಮದ್ದಾಗೋಯ್ತಲ್ಲ ಅತ್ತಿಗೆ."

ಅಷ್ಟರಲ್ಲಿ ದೇವನಹಳ್ಳಿಯಿಂದ ನಾದಿನಿಯನ್ನು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಅದಕ್ಕೆ ಮುಂಚೆ ಬಂದ ಸಂಬಂಧಗಳೆಲ್ಲ ಏನೋ ಒಂದು ನೆವದಲ್ಲಿ ತಪ್ಪಿಹೋಗಿದ್ದವು. ಹುಡುಗ ಮೇಷ್ಟ್ರು, ಒಳ್ಳೆಯ ಮನೆತನ.

"ಕರೀ ಗೋಡೆ ಅಪಶಕುನ ಅಂತ ಎದ್ದೋದ್ರೆ? ಸುಣ್ಣ ಬಳಿ ಅದಕ್ಕೆ," ಅಂದರು ಯಜಮಾನರು. ತಮ್ಮನ ಮುಖ ನೋಡಿ ಅವರೇ ಇಳಿದರು. "ಹೋಗ್ಲಿ, ಇರ್ಲಿ. ಕೇಳಿದ್ರೆ ದೃಷ್ಟಿಗೆ ಅನ್ನು. ತಂಗಿ ಬದುಕು ಕಣೋ."

ಮೈದುನ ಹೂಂ ಅಂದ.

ಬಂದವರಲ್ಲಿ ಎಲ್ಲರ ಬಾಯಿ ಮುಚ್ಚಿಸುವಂಥವರು ಹುಡುಗನ ಅಜ್ಜಿ. ನಾದಿನಿ ತಲೆ ತಗ್ಗಿಸಿ ಚಾಪೆಯ ಮೇಲೆ ಕೂತಿದ್ದಳು. ನಾನು ಉಪ್ಪಿಟ್ಟಿನ ತಟ್ಟೆ ಇಡುತ್ತಿದ್ದೆ. ಅಜ್ಜಿಯ ಕಣ್ಣು ಹುಡುಗಿಯನ್ನು ದಾಟಿ ಗೋಡೆಗೆ ಹೋಯಿತು.

"ದೃಷ್ಟಿಗೆ ಬರೆಸಿದ್ದೇನಪ್ಪಾ?"

ಯಜಮಾನರು ತಮ್ಮನ ಕಡೆ ನೋಡಿದರು. ಅವನು ನೆಲ ನೋಡುತ್ತ, "ಹೌದಜ್ಜಿ," ಅಂದದ್ದು ಅರ್ಧ ಕೇಳಿಸಿತು.

"ಅಲ್ಲಜ್ಜಿ," ಅಂದಳು ನಾದಿನಿ, ತಲೆ ಎತ್ತದೇ. "ಅದು ಚಿತ್ರ. ನಮ್ಮಣ್ಣ ಬರೆದಿದ್ದು."

ನನ್ನ ಕೈಲಿದ್ದ ತಟ್ಟೆ ಕೈಲೇ ಉಳಿಯಿತು. ನೋಡಲು ಬಂದ ದಿನ ಹುಡುಗಿ ಕೇಳದೆ ಮಾತಾಡುವುದುಂಟೆ?

"ಚಿತ್ರಾನಾ? ಏನಿದೆಯೇ ಅದ್ರಲ್ಲಿ?"

"ಯಾರೂ ಇಲ್ಲಜ್ಜಿ. ಅದಕ್ಕೇ ಯಾರು ಬೇಕಾದ್ರೂ ನೋಡ್ಬೋದು."

ಅಜ್ಜಿ ಸ್ವಲ್ಪ ಹೊತ್ತು ಗೋಡೆಯನ್ನು, ಇನ್ನೂ ಸ್ವಲ್ಪ ಹೊತ್ತು ಹುಡುಗಿಯನ್ನು ನೋಡಿದರು. ಆಮೇಲೆ ಉಪ್ಪಿಟ್ಟಿಗೆ ಉಪ್ಪು ಕಡಿಮೆ ಅಂದರು. ಬಸ್ಸಿಗೆ ಹೊತ್ತಾಯಿತು ಅಂತ ಎಲ್ಲರೂ ಎದ್ದರು.

ಅವರು ತಿರುವು ದಾಟಿದ್ದೇ ತಡ ಮೈದುನ ಸಿಡಿದ. "ಯಾಕೇ ಬಾಯಿ ಹಾಕಿದೆ? ನಾನು ಒಪ್ಕೊಂಡಿದ್ನಲ್ಲ! ಸಂಬಂಧ ಹೋದ್ರೆ?"

"ಹೋದ್ರೆ ಹೋಗ್ಲಿ. ಅಷ್ಟು ದಿನ ನನ್ನ ಕೈಲಿ ಮಸಿ ಅರೆಸಿದೆಯಲ್ಲ, ಬೊಟ್ಟಿಡೋಕಾ?"

ಅವನು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

ಮುಂದಿನ ದಿನಗಳಲ್ಲಿ ಬಾಗಿಲು ಸದ್ದಾದರೆ ನಾನು ಒಲೆ ಬಿಟ್ಟು ಓಡಿಬರುತ್ತಿದ್ದೆ. ಯಜಮಾನರು ನಿಂತ ಮಗ್ಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಕೊನೆಗೆ ಸಂಬಂಧ ತಂದಿದ್ದ ಮಧ್ಯಸ್ಥರು ಬಂದು, ಕೂರುವ ಮೊದಲೇ, "ಒಪ್ಪಿದ್ದಾರೆ" ಅಂದರು. ಹುಡುಗಿಗೆ ಬಾಯಿದೆ, ನಮ್ಮ ಮೇಷ್ಟ್ರಿಗೆ ಅದಿಲ್ಲ, ಸರಿಹೋಗುತ್ತೆ ಅಂದರಂತೆ ಅಜ್ಜಿ.

"ಇನ್ನೊಂದು ಮಾತು," ಅಂದರು ಮಧ್ಯಸ್ಥರು. "ಹುಡುಗಿ ಅಣ್ಣ ಬಂದು ಅವರ ಪಡಸಾಲೇಲೂ ಅಂಥದ್ದೊಂದು ಬರೆದುಕೊಡಬೇಕಂತೆ. ಚಿತ್ರ ಅಂದ್ರೆ ಚಿತ್ರವೇ ಆಗ್ಲಿ, ದೃಷ್ಟಿಗೂ ಆಗುತ್ತಲ್ಲ ಅಂದ್ರು."

ಮೈದುನ ತಲೆಮೇಲೆ ಕೈಹೊತ್ತ. ಆಮೇಲೆ, "ಬರೀತೀನಿ. ಕೆಂಪಲ್ಲಿ ಬರೀತೀನಿ. ಆಗ ಹೆಂಗೆ ದೃಷ್ಟಿ ಅಂತಾರೋ ನೋಡ್ತೀನಿ," ಅಂದ.

"ಕೆಂಪಾದ್ರೆ ಕುಂಕುಮ ಅಂತಾರೆ ಕಣೋ," ಅಂದರು ಯಜಮಾನರು. ಎಷ್ಟೋ ದಿನದ ಮೇಲೆ ಅವರು ನಕ್ಕದ್ದು.

"ಅನ್ಲಿ ಬಿಡಣ್ಣ," ಅಂದಳು ನಾದಿನಿ ಒಳಗಿನಿಂದ. "ನಾನಿರ್ತೀನಲ್ಲ ಅಲ್ಲಿ, ಹೇಳೋಕೆ."