ಬೊಂಬಾಯಿಯಿಂದ ಬರಬೇಕಾಗಿದ್ದ ಪಾರ್ಟು

ಗಡಿಯಾರ ರಿಪೇರಿಯವರೆಲ್ಲರೂ ಹೇಳುವ ಒಂದು ಸುಳ್ಳು ಇದೆ: "ಪಾರ್ಟು ಬೊಂಬಾಯಿಯಿಂದ ಬರಬೇಕು." ಕೆಲಸ ರಾಶಿ ಬಿದ್ದಾಗ, ಮೈ ಸರಿಯಿಲ್ಲದಾಗ, ಗಿರಾಕಿ ಬಾಗಿಲಲ್ಲೇ ನಿಂತು ಪೀಡಿಸಿದಾಗ ನಾನೂ ಅದನ್ನು ಎಷ್ಟೋ ಸಲ ಹೇಳಿದ್ದೇನೆ. ಅದರಿಂದ ಯಾರಿಗೂ ದೊಡ್ಡ ತೊಂದರೆ ಆದದ್ದಿಲ್ಲ. ಒಬ್ಬರಿಗೆ ಮಾತ್ರ ಆಯಿತು.

ಕುಂಬಳೆಯ ಬಸ್‌ ನಿಲ್ದಾಣದ ಹತ್ತಿರ ನನ್ನ ಅಂಗಡಿ. ಹೆದ್ದಾರಿ ಅಗಲ ಮಾಡುವಾಗ ಮುಂದಿನ ಕಟ್ಟಡ ಹೋಯಿತು, ನಾನು ಹಿಂದಿನ ಓಣಿಗೆ ಬಂದೆ. ಈಗ ಗಂಟೆ ನೋಡಲು ಎಲ್ಲರಿಗೂ ಮೊಬೈಲ್‌ ಇದೆ. ನನ್ನಲ್ಲಿಗೆ ಬರುವವರು ಸೆಲ್ಲು ಹಾಕಿಸಲು ಬರುತ್ತಾರೆ, ಇಲ್ಲವೇ ಬೆಲ್ಟು ಬದಲಿಸಲು. ಮೂವತ್ತು ವರ್ಷ ಪಳಗಿದ ಕೈಗೆ ದಿನವಿಡೀ ಸೆಲ್ಲು ಹಾಕುವ ಕೆಲಸ! ಸಿಟ್ಟು ಬರುತ್ತದೆ. ಇದನ್ನು ನೆಪಕ್ಕಾಗಿ ಹೇಳುತ್ತಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ.

ಕೆಲವು ವರ್ಷಗಳ ಹಿಂದೆ, ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳ ಮಳೆಯಲ್ಲಿ, ಶಿರಿಯದಿಂದ ಇಬ್ಬರು ಹೆಂಗಸರು ಬಂದರು. ಹಿರಿಯವರಿಗೆ ಕಣ್ಣು ಕಾಣುತ್ತಿರಲಿಲ್ಲ. ಕೈ ಹಿಡಿದು ಕರೆತಂದವರು ಅವರ ತಮ್ಮನ ಹೆಂಡತಿ. ಇಬ್ಬರೂ ಬೀಡಿ ಕಟ್ಟುವವರು. ಕಿರಿಯವರು ಎಲೆ ಕತ್ತರಿಸಿ ಕೊಟ್ಟರೆ ಹಿರಿಯವರು ಬೆರಳಿನ ಅಂದಾಜಿನಲ್ಲೇ ಸುತ್ತುತ್ತಾರಂತೆ. ಹಿರಿಯವರು ಮೇಜಿನ ಅಂಚು ತಡವಿ ನೋಡಿ, ಬಟ್ಟೆಯ ಗಂಟು ಬಿಚ್ಚಿ, ಒಂದು ಜೇಬುಗಡಿಯಾರವನ್ನು ನನ್ನ ಮುಂದಿಟ್ಟರು.

ಅಪ್ಪಟ ಚಿನ್ನದ್ದು. ಅವರ ತಂದೆ ಹಡಗಿನಲ್ಲಿ ಅಡುಗೆಯವರಾಗಿದ್ದರು. ಕೊನೆಯ ಪ್ರಯಾಣದಲ್ಲಿ ಮುದುಕ ಕಪ್ತಾನನೊಬ್ಬ ಕೊಟ್ಟದ್ದಂತೆ. ಹಿಂದಿನ ಮುಚ್ಚಳ ತೆರೆದವನು ಭೂತಗನ್ನಡಿ ಒರೆಸಿ ಮತ್ತೊಮ್ಮೆ ನೋಡಿದೆ. ಕೆಲಸ ಕಲಿಸಿದ ಗುರುಗಳ ಬಾಯಲ್ಲಿ ಕೇಳಿ ಗೊತ್ತಿತ್ತೇ ಹೊರತು ಅಂಥದ್ದನ್ನು ನಾನು ಕಂಡಿರಲಿಲ್ಲ. ವಾರ, ತಾರೀಕು, ತಿಂಗಳು ತಾನಾಗಿ ತಿರುಗುತ್ತವೆ; ಫೆಬ್ರವರಿಗೆ ಎಷ್ಟು ದಿನ ಎಂಬುದೂ ಅದಕ್ಕೆ ಗೊತ್ತು. ನೀಲಿ ಬಿಲ್ಲೆಯ ಮೇಲೆ ಸಣ್ಣ ಚಂದ್ರ ತುಂಬುತ್ತಾನೆ, ಕರಗುತ್ತಾನೆ. ಅಂಚಿನ ಗುಂಡಿಯನ್ನು ಸರಿಸಿದರೆ ಒಳಗಿನ ಸುತ್ತಿಗೆಗಳು ಸಮಯ ಹೇಳುತ್ತವೆ: ಗಂಟೆಗೆ ದಪ್ಪ ದನಿ, ಕಾಲು ಗಂಟೆಗೆ ಜೋಡಿ ದನಿ, ನಿಮಿಷಕ್ಕೆ ತೆಳು ದನಿ.

"ಈಗ ಅದು ಎಳೆದು ಎಳೆದು ಹೇಳ್ತದೆ. ಒಮ್ಮೊಮ್ಮೆ ನಡುವಲ್ಲೇ ನಿಲ್ತದೆ" ಎಂದರು ಹಿರಿಯವರು.

"ಸಮಯ ಹೇಳುವ ಮೊಬೈಲ್‌ ಉಂಟಲ್ಲ ಅಮ್ಮ?" ನಾನು ಸುಮ್ಮನೆ ಕೇಳಿದೆ.

"ಅದು ಇಡೀ ಮನೆಗೆ ಕೇಳುವ ಹಾಗೆ ಬೊಬ್ಬೆ ಹಾಕ್ತದೆ, ಮಾರಾಯ. ಇದು ನನಗೆ ಮಾತ್ರ ಹೇಳ್ತದೆ. ಕಣ್ಣು ಹೋದ ಮೇಲೆ ಎಲ್ಲದಕ್ಕೂ ಒಬ್ಬರನ್ನು ಕೇಳಬೇಕು. ಸೀರೆ ಯಾವುದು, ನೋಟು ಎಷ್ಟರದ್ದು, ಬಂದವರು ಯಾರು. ಗಂಟೆ ಎಷ್ಟಾಯ್ತು ಅಂತ ಮಾತ್ರ ಇಷ್ಟರವರೆಗೆ ಯಾರನ್ನೂ ಕೇಳಲಿಲ್ಲ."

ಹತ್ತು ದಿನದಲ್ಲಿ ಕೊಡುತ್ತೇನೆ ಎಂದೆ. ಮುರಿದದ್ದು ಏನೂ ಇರಲಿಲ್ಲ. ಹಳೆಯ ಎಣ್ಣೆ ಗಟ್ಟಿಯಾಗಿ ಅಂಟಿಕೊಂಡಿತ್ತು, ಅಷ್ಟೆ. ಒಂದೊಂದೇ ಚಕ್ರ ಬಿಚ್ಚಿ, ತೊಳೆದು, ಚಿತ್ರ ಬರೆದಿಟ್ಟುಕೊಂಡು ಜೋಡಿಸಿದೆ. ಹತ್ತನೆಯ ದಿನ ಗುಂಡಿ ಸರಿಸಿದಾಗ ಬಂದ ದನಿಗೆ ನನ್ನ ಕಣ್ಣಲ್ಲಿ ನೀರು ಬಂತು. ಆ ಸಂತೋಷ ನಿಜವಾದದ್ದು; ಈಗಲೂ ಅದರ ಬಗ್ಗೆ ನಾಚಿಕೆಯಿಲ್ಲ.

ರಿಪೇರಿಯಾದ ಗಡಿಯಾರವನ್ನು ಎರಡು ಮೂರು ದಿನ ಓಡಿಸಿ ನೋಡುವುದು ನಮ್ಮ ಕ್ರಮ. ಹುಣ್ಣಿಮೆಯವರೆಗೆ ಚಂದ್ರನನ್ನು ನೋಡೋಣ ಎಂದುಕೊಂಡೆ. ಹುಣ್ಣಿಮೆಯಾಯಿತು. ತಿಂಗಳು ಮಗುಚುವುದನ್ನು ನೋಡೋಣ ಎಂದುಕೊಂಡೆ. ಅಷ್ಟರಲ್ಲಿ ಒಂದು ಭಾನುವಾರ ಅವರ ಫೋನ್‌ ಬಂತು. ನಾಲಿಗೆ ತಾನಾಗಿ ಹೊರಳಿತು: "ಒಂದು ಪಾರ್ಟು ಬೊಂಬಾಯಿಯಿಂದ ಬರಬೇಕಮ್ಮ."

"ಹೌದಾ? ಬರ್ಲಿ, ಬರ್ಲಿ. ಅವಸರ ಎಂತ ಇಲ್ಲ" ಎಂದರು. ಅವರಿಗೆ ಅವಸರ ಇತ್ತು. ನನಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಭಾನುವಾರ ಭಾನುವಾರ ಫೋನ್‌. ನಾನು ಸುಳ್ಳಿಗೆ ಒಂದೊಂದು ಕೈಕಾಲು ಸೇರಿಸುತ್ತಾ ಹೋದೆ. ಪಾರ್ಟು ಬಂತು, ಆದರೆ ಅಳತೆ ಸರಿಯಿಲ್ಲ. ವಾಪಸು ಕಳಿಸಿದ್ದೇನೆ. ಅಂಗಡಿಯವನಿಗೆ ಜ್ವರ. ಗಡಿಯಾರ ಮಾತ್ರ ನನ್ನ ಅಂಗಿಯ ಜೇಬಿನಲ್ಲಿ, ಎದೆಗೆ ತಾಗಿಕೊಂಡು, ಮನೆಗೂ ಅಂಗಡಿಗೂ ಓಡಾಡುತ್ತಿತ್ತು. ಅದನ್ನು ಕದಿಯಬೇಕೆಂದು ಒಂದು ದಿನವೂ ಅನಿಸಲಿಲ್ಲ. ಕದಿಯುವುದಲ್ಲವಲ್ಲ ಎಂಬ ಧೈರ್ಯದಲ್ಲೇ ಅಷ್ಟು ದಿನ ಇಟ್ಟುಕೊಂಡೆನೋ ಏನೋ.

ದೀಪಾವಳಿ ಕಳೆದ ಮೊದಲ ಭಾನುವಾರ. ಮನೆಯ ಜಗಲಿಯಲ್ಲಿ ಕೂತಿದ್ದೆ. ಬಲಗೈಯಲ್ಲಿ ಫೋನ್‌, ಎಡಗೈಯಲ್ಲಿ ಗಡಿಯಾರ. ಅತ್ತ ಕಡೆಯಿಂದ ಅವರು, "ಬಂತಾ ಮಗಾ?" ಎಂದು ಕೇಳಿದರು. "ಇಲ್ಲಮ್ಮ, ಮುಂದಿನ ವಾರ ಖಂಡಿತ" ಎನ್ನುತ್ತಿದ್ದಂತೆ ನನ್ನ ಎಡಗೈ ಹೆಬ್ಬೆರಳು, ಎರಡು ಮೂರು ತಿಂಗಳಿಂದ ಮಾಡುತ್ತಿದ್ದ ಹಾಗೆಯೇ, ಗುಂಡಿಯನ್ನು ಸರಿಸಿಬಿಟ್ಟಿತು.

ಒಮ್ಮೆ ಹೊರಟರೆ ಅದನ್ನು ನಿಲ್ಲಿಸುವ ಹಾಗಿಲ್ಲ. ದಪ್ಪ ದನಿ ಹನ್ನೊಂದು ಸಲ. ಜೋಡಿ ದನಿ ಎರಡು. ತೆಳು ದನಿ ನಾಲ್ಕು. ಅಷ್ಟೂ ಹೊತ್ತು ಅವರು ಎಣಿಸುತ್ತಿದ್ದರು. ಮುಗಿದ ಮೇಲೆ ಮೆಲ್ಲಗೆ, "ಹನ್ನೊಂದು ಮೂವತ್ತನಾಲ್ಕು" ಎಂದರು. "ಆಯ್ತು ಮಗಾ, ಇಡ್ತೇನೆ."

ಮರುದಿನವೇ ಓಡಬೇಕಿತ್ತು. ಓಡಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಅವರಿಗೆ ನನ್ನ ಮುಖ ಕಾಣುವುದಿಲ್ಲ ಎಂಬ ಯೋಚನೆಯೂ ಒಮ್ಮೆ ಬಂತು. ಅದಕ್ಕಾಗಿ ನನ್ನನ್ನು ನಾನೇ ಬೈದುಕೊಂಡೆ. ಗಡಿಯಾರವನ್ನು ಜೇಬಿನಿಂದ ತೆಗೆದು ಅಂಗಡಿಯ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಭಾನುವಾರ ಬಂತು, ಫೋನ್‌ ಬರಲಿಲ್ಲ. ಇನ್ನೊಂದು ಭಾನುವಾರವೂ ಬರಲಿಲ್ಲ.

ಮೂರನೆಯ ವಾರ, ಒಂದು ಬುಧವಾರ, ಅಂಗಡಿಯಲ್ಲಿ ಯಾರದೋ ಗೋಡೆಗಡಿಯಾರಕ್ಕೆ ಸೆಲ್ಲು ಹಾಕುತ್ತಿದ್ದೆ. ಫೋನ್‌ ಬಂತು. ಅವರೇ. ಪಾರ್ಟಿನ ಸುದ್ದಿ ಎತ್ತಲಿಲ್ಲ. ಬೈಯಲಿಲ್ಲ. ಕೇಳಿದ್ದು ಇಷ್ಟೇ: "ಮಗಾ, ಗಂಟೆ ಎಷ್ಟಾಯ್ತು? ಒಮ್ಮೆ ನೋಡಿ ಹೇಳ್ತೀಯಾ?"

ಹತ್ತು ಇಪ್ಪತ್ತು ಎಂದು ಹೇಳಿದೆ. ಡ್ರಾಯರಿನಿಂದ ಗಡಿಯಾರ ತೆಗೆದು, ಅಂಗಡಿಯ ಬಾಗಿಲೆಳೆದು, ಸಿಕ್ಕಿದ ಬಸ್ಸು ಹತ್ತಿದೆ. ಕುಂಬಳೆಯಿಂದ ಶಿರಿಯಕ್ಕೆ ಕಾಲು ಗಂಟೆಯ ದಾರಿ. ನನಗೆ ನಾಲ್ಕು ತಿಂಗಳು ಬೇಕಾಯಿತು.

ಹಿರಿಯವರು ಜಗಲಿಯಲ್ಲಿ ಬೀಡಿಯ ಮೊರ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ತಮ್ಮನ ಹೆಂಡತಿಗೆ ಯಾವುದೂ ಗೊತ್ತಿರಲಿಲ್ಲ. "ಅಂತೂ ಬಂತಾ ನಿಮ್ಮ ಬೊಂಬಾಯಿ?" ಎಂದು ನಗುತ್ತಾ ಅವರು ನೀರು ತರಲು ಒಳಗೆ ಹೋದರು. ನಾನು ಗಡಿಯಾರವನ್ನು ಹಿರಿಯವರ ಕೈಯಲ್ಲಿಟ್ಟೆ.

"ಪಾರ್ಟು ಬೇಕಾಗಿರಲಿಲ್ಲ ಅಮ್ಮ. ಹತ್ತು ದಿನದಲ್ಲೇ ಸರಿಯಾಗಿತ್ತು. ಕೊಡಲು ಮನಸ್ಸಾಗಲಿಲ್ಲ. ತಪ್ಪಾಯ್ತು."

"ಗೊತ್ತುಂಟು." ಗುಂಡಿ ಸರಿಸಿ, ಕಿವಿಗೆ ಹಿಡಿದು, ಕೊನೆಯ ತೆಳು ದನಿಯವರೆಗೆ ಕೇಳಿದರು. "ಒಳ್ಳೆ ಕೆಲಸ ಮಾಡಿದ್ದೀ. ನನ್ನ ತಂದೆ ಇದ್ದಾಗಲೂ ಇಷ್ಟು ಚಂದ ಹೇಳ್ತಿರಲಿಲ್ಲ." ಬೈದಿದ್ದರೆ ಹಗುರಾಗುತ್ತಿತ್ತು. ನೀರು ಕುಡಿದು ಎದ್ದು ಬಂದೆ.

ಅಂಥ ಗಡಿಯಾರಕ್ಕೆ ಆಗಾಗ ಎಣ್ಣೆ ತೋರಿಸಬೇಕು. ಎರಡು ವರ್ಷವಾದ ಮೇಲೆ ನಾನೇ ಫೋನ್‌ ಮಾಡಿದೆ. ಅಂಗಡಿಗೆ ಕಳಿಸಿಕೊಡಿ, ಸಂಜೆಯೊಳಗೆ ವಾಪಸು ತಂದುಕೊಡುತ್ತೇನೆ ಎಂದೆ. "ಬೇಡ ಮಗಾ. ನೀನೇ ಇಲ್ಲಿಗೆ ಬಾ" ಎಂದರು, ಬಹಳ ಪ್ರೀತಿಯಿಂದ.

ಹಾಗಾಗಿ ಈಗ ಉಪಕರಣದ ಚೀಲ ಹೊತ್ತು ನಾನೇ ಹೋಗುತ್ತೇನೆ. ಜಗಲಿಯಲ್ಲಿ ಒಂದು ಮೇಜು ಹಾಕಿಸಿ, ಎದುರು ಅವರೂ ಕೂರುತ್ತಾರೆ. ಊರ ಸುದ್ದಿ ಮಾತಾಡುತ್ತಾರೆ, ಚಾ ತರಿಸುತ್ತಾರೆ, ನಗುತ್ತಾರೆ. ಆ ಹೊತ್ತಿನಲ್ಲಿ ಬೀಡಿ ಕಟ್ಟುವುದಿಲ್ಲ. ಅವರ ಬಲಗೈ ಮೇಜಿನ ಮೇಲೆ ಅಂಗೈ ತೆರೆದುಕೊಂಡಿರುತ್ತದೆ. ನಾನು ಗಡಿಯಾರವನ್ನು ಅದರಲ್ಲಿಡುವವರೆಗೂ ಅವರು ಆ ಕೈಯನ್ನು ಹಿಂದೆ ತೆಗೆಯುವುದಿಲ್ಲ.